ಗೋಡೆ ತಟ್ಟಿ ನೋಡುತ್ತಿದ್ದ ಎಫ್ತೀಮಿ

ಎಫ್ತೀಮಿಯ ಹೆಸರು ನನ್ನ ಕಿವಿಗೆ ಬಿದ್ದದ್ದು ಪ್ಲಮ್ ಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದ ದಿನ. ನಾದಿನಿ ಸಾಫ್ತಾ ಬೇಲಿಯಾಚೆಯಿಂದ ಕೂಗಿದಳು: "ಅತ್ತಿಗೇ, ಭೂಕಂಪದ ವಿಮೆ ಮಾಡಿಸೋನು ಬರ್ತಿದ್ದಾನೆ. ಎಫ್ತೀಮಿ ಅಂತೆ. ಕಲ್ಲಂಗಡಿ ಕೊಳ್ಳೋರ ಹಾಗೆ ಗೋಡೆ ತಟ್ಟಿ ನೋಡ್ತಾನಂತೆ! ನನಗಂತೂ ಬೇಡಪ್ಪ."

ಬಂದವನು ಕೂರಲಿಲ್ಲ. ಸೈಕಲ್ ಒರಗಿಸಿ, ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಮನೆಯನ್ನು ಒಂದು ಸುತ್ತು ಹಾಕಿದ. ಹಿಂದಿನ ಕೋಣೆಯ ಬಳಿ ನಿಂತು ನನ್ನ ಗಂಡನಿಗೆ ಮೆಲ್ಲಗೆ ಹೇಳಿದ: "ಯಜಮಾನ್ರೇ, ಹೊರಗಡೆ ಇಟ್ಟಿಗೆ, ಒಳಗಡೆ ಹುಲ್ಲು ಕಲಸಿದ ಮಣ್ಣು. ಮಣ್ಣಿನ ಮನೆ ಅಂತಲೇ ಬರೀಬೇಕು."

ಗಂಡನ ಮುಖ ಕೆಂಪಾಯಿತು. ಬುಜೌ ಕಡೆಯ ನಮ್ಮ ಊರಿನಲ್ಲಿ ಮಣ್ಣಿನ ಮನೆಯೆಂದರೆ ಗತಿಯಿಲ್ಲದವರ ಮನೆ. ತಂಗಿ ಸಾಫ್ತಾಳ ಮನೆಯನ್ನೂ ಕಟ್ಟಿದವನು ಅವನೇ. ಅದರ ಒಳಗೂ ಇದೇ ಮಣ್ಣು, ಆದರೆ ಅವಳಿಗೆ ಎಲ್ಲಾ ಸುಟ್ಟ ಇಟ್ಟಿಗೆಯೆಂದು ಹೇಳಿದ್ದ. ಬಾಯಿ ಬಿಡಬಾರದೆಂದು ಆ ಸಂಜೆ ನನ್ನಿಂದ ಆಣೆ ಮಾಡಿಸಿದ. ಎಫ್ತೀಮಿಗೆ ಆಣೆ ಬೇಕಿರಲಿಲ್ಲ. ಒಬ್ಬರ ಮನೆಯ ಕಾಗದದ ಮಾತನ್ನು ಇನ್ನೊಬ್ಬರ ಮನೆಯಲ್ಲಿ ಆಡುವವನಲ್ಲ.

ಹತ್ತೊಂಬತ್ತು ವರ್ಷ ಅವನು ಬಂದ. ಗಂಡ ತೀರಿಕೊಂಡ ಮೇಲೂ ಬಂದ. ನಿಂತೇ ಕಾಫಿ ಕುಡಿಯುತ್ತಿದ್ದ, ಕಣ್ಣು ಮಾತ್ರ ಗೋಡೆಯ ಬಿರುಕುಗಳ ಮೇಲೆ.

ಕಳೆದ ವರ್ಷ ಒಂದೇ ವಾರದಲ್ಲಿ ನೆಲ ಮೂರು ಸಲ ನಡುಗಿತು. ಕಪಾಟಿನ ಲೋಟಗಳು ಹಲ್ಲು ಕಡಿದ ಹಾಗೆ ಸದ್ದು ಮಾಡಿದವು. ಸಾಫ್ತಾ ಹೆದರಿ, ಅಳಿಯನ ಕೈಲಿ ಫೋನಿನಲ್ಲೇ ವಿಮೆ ಮಾಡಿಸಿದಳು. ಮನೆ ಯಾವುದರದ್ದು ಎಂದು ಫೋನು ಕೇಳಿತಂತೆ. ಇಟ್ಟಿಗೆ ಎಂದು ಒತ್ತಿದರಂತೆ.

"ಕಾಫಿ ಕೊಡೋದು ಬೇಡ, ನಾಯಿ ಕಟ್ಟೋದು ಬೇಡ, ಐದು ನಿಮಿಷ!" ಎಂದು ಕುಣಿದಳು.

ಸುದ್ದಿ ತಿಳಿದ ಎಫ್ತೀಮಿ ದಿನಕ್ಕೆರಡು ಸಲ ಅವಳ ಬೇಲಿ ಸುತ್ತತೊಡಗಿದ.

"ಸಾಫ್ತಾ, ಒಂದೇ ಒಂದ್ಸಲ ಗೋಡೆ ತಟ್ಟಿ ನೋಡ್ತೀನಿ ಕಣೇ."

"ನಿನ್ನ ತಲೆ ತಟ್ಕೋ, ಅದೇ ಟೊಳ್ಳು! ಕಮಿಷನ್ ಹೋಯ್ತು ಅಂತ ಹೊಟ್ಟೆ ಉರೀತಿದೆಯಾ?"

ಅವನು ಸೈಕಲ್ ಹತ್ತಿ ಹೋದ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಟ್ಟೆ ಒಗೆದೆ, ಒಗೆದದ್ದನ್ನೇ ಮತ್ತೆ ಒಗೆದೆ.

ಅಕ್ಟೋಬರಿನಲ್ಲಿ ಕಂಪನಿಯವರು ಮನೆಮನೆ ಸುತ್ತುವುದನ್ನೇ ನಿಲ್ಲಿಸಿದರು. ಇನ್ನು ಎಲ್ಲರಿಗೂ ಫೋನೇ. ಎಫ್ತೀಮಿ ಕೊನೆಯ ಸುತ್ತಿಗೆ ಬಂದ. ಅಂದು ಕಾಫಿಯನ್ನೂ ಮುಟ್ಟಲಿಲ್ಲ.

"ಅಕ್ಕಾ, ಸಾಫ್ತಾಳ ಮನೇನೂ ಯಜಮಾನ್ರೇ ಕಟ್ಟಿದ್ದಲ್ವಾ, ಒಳಗೆ ಮಣ್ಣೇ ಇರುತ್ತೆ. ಅದು ಬಿದ್ರೆ, ಕಾಗದದಲ್ಲಿರೋ ಮನೆ ಬೇರೆ, ಬಿದ್ದ ಮನೆ ಬೇರೆ ಅಂತ ತಕರಾರು ತೆಗೀತಾರೆ. ಕೈಗೆ ಏನೂ ಬರಲ್ಲ."

"ಆಣೆ ಮಾಡಿದ್ದೀನಿ ಕಣೋ. ಸತ್ತವರ ಮಾತು."

"ಅವಳು ಬದುಕಿದ್ದಾಳಲ್ಲಕ್ಕಾ. ನಾನು ಹೇಳಿದ್ರೆ ವ್ಯಾಪಾರ ಅಂತಾಳೆ, ನೀನು ಹೇಳಿದ್ರೆ ನಂಬ್ತಾಳೆ. ಆ ಫೋನಲ್ಲೇ ತಿದ್ದಿಸ್ಲಿ, ನನ್ನ ಹತ್ರ ಮಾಡಿಸೋದೇನೂ ಬೇಡ."

ಸೈಕಲ್ ಹತ್ತಿದವನು ಒಂದು ಕಾಲನ್ನು ನೆಲಕ್ಕೂರಿ ತಿರುಗಿ ನೋಡಿದ.

"ಈಗಲೇ ಓಡಬೇಡ ಮತ್ತೆ. ನಾನು ಆ ತಿರುವು ದಾಟಿದ ಮೇಲೆ ಹೋಗು. ಇಲ್ದಿದ್ರೆ ನಾನೇ ಕಳಿಸಿದ್ದು ಅಂತಾಳೆ."