ಕೀರ್ತಿಕುಮಾರನ ಅಯ್ಯಯ್ಯೋ

ಟೈಲರ್ ಕುಸುಮಾ ಕಂಡ ಗಂಡಸರಲ್ಲೆಲ್ಲ ಗಾಬರಿಬೀಳುವುದರಲ್ಲಿ ಮೊದಲ ನಂಬರು ನೆಲ್ಯಹುದಿಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಕೀರ್ತಿಕುಮಾರನದು. ಹಳೆಯ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಒಳಗೆ ಹಲ್ಲಿಮೊಟ್ಟೆ ಕಂಡರೂ ಅಯ್ಯಯ್ಯೋ, ಆಯುಧಪೂಜೆಗೆ ಬಳಿದ ಕುಂಕುಮ ಕಂಡರೂ ಅಯ್ಯಯ್ಯೋ. ಮಳೆಗಾಲದಲ್ಲಿ ಕಂಪ್ಯೂಟರಿನ ಬಿಸಿಗೆ ಕಾಲುಚೀಲ ಒಣಗಿಸುವವರ ಸುದ್ದಿ ಕೇಳಿದರಂತೂ ಅಂಗಡಿಯಿಂದ ಬೀದಿಗೇ ಇಳಿದುಬಿಡುತ್ತಾನೆ. ಕುಸುಮಾ ತನ್ನ ಹಳೇ ಕಂಪ್ಯೂಟರಿಗೆ ದೊಡ್ಡ ಹಾರ್ಡ್ ಡಿಸ್ಕ್ ಹಾಕಿಸಲು ಹೋದಾಗಲೂ ತಲೆಯ ಮೇಲೆ ಕೈಹೊತ್ತ. "ಮಗಳ ನಾಮಕರಣದಿಂದ ಹಿಡ್ದು ಎಲ್ಲಾ ಫೋಟೋ ಇದೊಂದ್ರಲ್ಲೇನಾ ಅಕ್ಕಾ? ಇನ್ನೊಂದು ಕಾಪಿ ಇಲ್ವಾ? ಅಯ್ಯಯ್ಯೋ!" ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಿಕೊಟ್ಟ ಮೇಲೆ ಹಳೆಯದನ್ನು ಎಸೆಯಲು ಬಿಡಲಿಲ್ಲ. "ಎರಡೂ ಒಂದೇ ಮನೇಲಿರಬಾರ್ದು" ಎಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅವಳ ಹೆಸರು ಬರೆದು, ಏಣಿ ಹತ್ತಿ ಅಂಗಡಿಯ ಅಟ್ಟದಲ್ಲಿಟ್ಟ. ಅಲ್ಲಿ ಊರವರ ಹಳೇ ಡಿಸ್ಕುಗಳೆಲ್ಲ ಹೆಸರು ಹೊತ್ತು ಸಾಲಾಗಿ ಕೂತಿದ್ದವು. "ನಿಮ್ಮನೇದು ಯಾವ್ದು ಅದ್ರಲ್ಲಿ?" ಎಂದು ಕುಸುಮಾ ನಗುತ್ತ ಕೇಳಿದಳು. "ನಮ್ದಿಲ್ಲಕ್ಕಾ. ಆ ವರ್ಷ ಹೊಳೆ ಮನೆಯೊಳಗೇ ಬಂತಲ್ಲ, ಕಂಪ್ಯೂಟರೂ ಹೋಯ್ತು. ಅಮ್ಮಂದು ಒಂದು ಫೋಟೋನೂ ಉಳೀಲಿಲ್ಲ" ಎಂದ ಅವನ ದನಿಯಲ್ಲಿ ಗಾಬರಿಯೇ ಇರಲಿಲ್ಲ. ಈ ಸಲ ಅಯ್ಯಯ್ಯೋ ಎಂದವಳು ಕುಸುಮಾ.