ಒಂದು ಡಿಗ್ರಿ ಹೆಚ್ಚಾದಾಗ

ಹತ್ತನೆಯ ತರಗತಿ ಮುಗಿದ ಮೇಲೆ ನಾನು ಪಿಯುಸಿಗೆ ಹೋಗಲಿಲ್ಲ. ಬೇಗ ಕೆಲಸ ಸಿಗುತ್ತದೆ ಎಂದು ಎಲ್ಲರೂ ಹೇಳಿದ್ದರಿಂದ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಸೇರಿದೆ. ಅದು ಮುಗಿಯುವ ಹೊತ್ತಿಗೆ, ಹೆಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಪ್ಪನಿಗೆ ಮಗಳು ಇಂಜಿನಿಯರ್ ಆಗಲಿ ಎಂಬ ಆಸೆ ಹುಟ್ಟಿತು. ಡಿಪ್ಲೊಮಾ ಆದವರಿಗೆ ಬಿ.ಇ. ಎರಡನೆಯ ವರ್ಷಕ್ಕೆ ನೇರ ಪ್ರವೇಶ ಇದೆ. ಸೇರಿದೆ, ಪಾಸಾದೆ. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಬೆಲ್ಲ, ಬೇಳೆಯ ಜೊತೆ ಈ ಸುದ್ದಿಯನ್ನೂ ಕಟ್ಟಿ ಕೊಟ್ಟ.

ಕಾಲೇಜಿಗೆ ಬಂದ ದೊಡ್ಡ ಕಂಪನಿಗಳು ಪಿಯುಸಿ ಅಂಕ ಕೇಳಿದವು. ಡಿಪ್ಲೊಮಾದ ಹಾದಿಯಲ್ಲಿ ಬಂದ ನಾವು ಅದನ್ನು ಎಲ್ಲಿಂದ ತರಬೇಕು? ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಗಳಿಗೆ ಬೇಕಾಗಿದ್ದವರು ಬರೀ ಡಿಪ್ಲೊಮಾದವರು. ಅತ್ತ ದರಿ, ಇತ್ತ ಪುಲಿ.

ಹುಡುಗಿ ಕೆಲಸ ಕೇಳಿಕೊಂಡು ಬಂದರೆ ಅಲ್ಲಿನ ಮಾಲೀಕರು ಮನೆಯವರನ್ನೂ ಮಾತಾಡಿಸುತ್ತಾರೆ. ಹಾಗಾಗಿ ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಅಪ್ಪನ ಜೊತೆ ಹೋದೆ. ತಯಾರಾದ ಭಾಗಗಳನ್ನು ಅಳೆದು ನೋಡುವ ಕೆಲಸ. ನಾನು ಡಿಪ್ಲೊಮಾ ಎಂದಷ್ಟೇ ಹೇಳಿದೆ. ಮಾಲೀಕರು ಒಪ್ಪಿ ಚಹಾ ತರಿಸಿದರು. ಅಪ್ಪನ ಬಾಯಿ ಸುಮ್ಮನಿರಬೇಕಲ್ಲ.

“ಡಿಪ್ಲೊಮಾ ಅಷ್ಟ ಅಲ್ರಿ, ಬಿ.ಇ.ನೂ ಮುಗಿಸ್ಯಾಳ್ರಿ ನಮ್ಮ ಮಗಳು.”

ಮಾಲೀಕರು ಕಪ್ಪು ಕೆಳಗಿಟ್ಟರು. “ಹಂಗಾದ್ರ ಬ್ಯಾಡ್ರಿ. ಬಿ.ಇ. ಆದವ್ರು ಕೆಲಸಾ ಕಲ್ತು ಬಿಟ್ಟು ಹೋಗ್ತಾರ್ರಿ. ಹೊಸಬರಿಗೆ ಮತ್ತ ಮೊದಲಿಂದ ಕಲಿಸಿ ಕಲಿಸಿ ಸಾಕಾಗೇತಿ.”

ಹೊರಗೆ ಬಂದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. “ಅಪ್ಪಾ, ನಿನ್ನ ಯಾರ ಕೇಳಿದ್ರು?” ಎಂದೆ.

“ಹೆಚ್ಚಿಗಿ ಕಲ್ತಾಳ ಅಂದ್ರ ಛಲೋ ಆಗ್ತೈತಿ ಅನ್ಕೊಂಡಿದ್ದೆ,” ಎಂದ.

ತಿಂಗಳ ನಂತರ ಅದೇ ರಸ್ತೆಯ ಇನ್ನೊಂದು ಕಾರ್ಖಾನೆಯಲ್ಲಿ ಅಂಥದೇ ಕೆಲಸವಿದೆ ಎಂದು ಗೊತ್ತಾಯಿತು. ನಾ ಬರೂದಿಲ್ಲ ಎಂದು ಕೂತಿದ್ದ ಅಪ್ಪನನ್ನು ನಾನೇ ಎಬ್ಬಿಸಿಕೊಂಡು ಹೋದೆ. ಅಲ್ಲಿನ ಮಾಲೀಕರು ನನ್ನನ್ನು ಬಿಟ್ಟು ಅವನನ್ನೇ ಕೇಳಿದರು:

“ಮಗಳು ಎಲ್ಲೀತನಕ ಕಲ್ತಾಳ್ರಿ?”

ಅಪ್ಪ ನನ್ನ ಕಡೆ ನೋಡಲಿಲ್ಲ. “ಡಿಪ್ಲೊಮಾ ಅಷ್ಟ ರೀ,” ಎಂದ. ತಾನಾಗಿಯೇ ಸೇರಿಸಿದ: “ಮುಂದ ಓದ್ಸಾಕ ನಮ್ಮ ಕಡಿಂದ ಆಗಲಿಲ್ಲ.”

ಸೋಮವಾರದಿಂದ ಕೆಲಸಕ್ಕೆ ಬಾ ಎಂದು ಅವರು ಹೇಳಿದಾಗ ನಾನು ಅಪ್ಪನ ಕೈ ಹಿಡಿದುಕೊಂಡಿದ್ದೆ.