ಜಗಲಿಯಿಂದ ಕಂಡ ಹುಳು ಮನೆ

ಚಿಕ್ಕಮ್ಮ ನನ್ನನ್ನು ಹುಳು ಮನೆಯ ಬಾಗಿಲಲ್ಲೇ ತಡೆದಳು.

"ಏಯ್, ಅಲ್ಲೇ ನಿಂತ್ಕೋ. ಏನೋ ಅದು, ಘಮ ಘಮ ಅಂತಿದೆ?"

"ಸೆಂಟು, ಚಿಕ್ಕಮ್ಮ. ಬಸ್ಸಲ್ಲಿ ಬರ್ಬೇಕಿತ್ತಲ್ಲ..."

"ಬಸ್ಸಲ್ಲಿ ನಿನ್ನ ಯಾರಪ್ಪ ಮೂಸಿ ನೋಡೋರು? ಒಳಗೆ ಕಾಲಿಟ್ಟೀಯ, ಜೋಕೆ. ಹುಳುಗೆ ಆಗಲ್ಲ."

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಇದು ಕಾನೂನು. ಕೈಕಾಲು ತೊಳೆದು, ಹೊಸ್ತಿಲಲ್ಲಿ ಚೆಲ್ಲಿದ ಸುಣ್ಣ ತುಳಿದು ಹೋಗಬೇಕು. ಊದುಬತ್ತಿ, ಸೊಳ್ಳೆಬತ್ತಿ, ಸೆಂಟು, ಬೀಡಿ, ಯಾವ ವಾಸನೆಯೂ ಒಳಗೆ ಹೋಗಬಾರದು. ಬೀಡಿ ಬಿಡಲಾರದ ಚಿಕ್ಕಪ್ಪನಿಗೆ ಪ್ರವೇಶ ನಿಂತು ವರ್ಷಗಳೇ ಆಗಿವೆ. ತನ್ನ ಮನೆಯಲ್ಲೇ ಅವನು ಜಗಲಿಯ ಪ್ರಜೆ. ಆ ದಿನ ನಾನೂ ಅವನ ಪಕ್ಕ ಕುಳಿತೆ.

ಬಂದ ಕೆಲಸ ಮಾತ್ರ ಒಳಗಿತ್ತು. ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಾನು, ಯಾರಿಗೂ ಬೇಡವಾದ ಹಳೆಯದೊಂದನ್ನು ತಂದು ಇಲ್ಲಿನ ಮೂಲೆಯಲ್ಲಿ ಕೂರಿಸಿದ್ದೆ. ಸೆಕೆ ಎಷ್ಟಿದೆಯೆಂದು ನೋಡಿ ಫ್ಯಾನು ಹಾಕುವುದು, ಆರಿಸುವುದು ಅದರ ಮುಖ್ಯ ಕೆಲಸ. ಕ್ಯಾಮೆರಾ ನೋಡಿಕೊಳ್ಳುವುದು ಇನ್ನೊಂದು. ಅದು ಚಿಕ್ಕಪ್ಪನ ಬೇಡಿಕೆ. "ನನ್ನಂತೂ ನಿನ್ ಚಿಕ್ಕಮ್ಮ ಒಳಗೆ ಬಿಡಲ್ಲ. ಇಲಿ ಬರ್ಲಿ, ಹಲ್ಲಿ ಬರ್ಲಿ, ಏನು ಅಲ್ಲಾಡಿದ್ರೂ ಹಿಡಿದು ನನ್ ಫೋನಿಗೆ ಕಳಿಸ್ಬೇಕು ಕಣೋ." ಹಾಗೇ ಮಾಡಿಕೊಟ್ಟಿದ್ದೆ. ಮೊದಮೊದಲು ಎಲ್ಲವೂ ಹೂವಿನ ಹಾಗೆ ನಡೆಯಿತು.

ಈಗ ನೋಡಿದರೆ ಮಧ್ಯಾಹ್ನದ ಸೆಕೆಗೆ ಫ್ಯಾನು ಹತ್ತುತ್ತಿರಲಿಲ್ಲ. ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರವೆಂದರೆ ಕಾಯಿಲೆಯಲ್ಲ; ಪೊರೆ ಬಿಡುವ ಮುಂಚೆ ಮೇವು ಮುಟ್ಟದೆ, ತಲೆಯೆತ್ತಿ, ಕದಲದೆ ಇರುವ ನಿದ್ದೆ. ನಾಲ್ಕನೆಯದರಿಂದ ಎದ್ದ ಹುಳುವಿನ ಹಸಿವು ರಾಕ್ಷಸರ ಹಸಿವು. ಗಂಡ ಹೆಂಡತಿ ಇಬ್ಬರೂ ತೋಟಕ್ಕಿಳಿದು ಸೊಪ್ಪು ಕೊಯ್ದು ತರಲೇಬೇಕು. ಫ್ಯಾನು ಆರಿಸಿ ಹೋದರೆ ಹುಳು ಬೇಯುತ್ತವೆ. ಹಾಕಿಯೇ ಹೋದರೆ ಸೊಪ್ಪು ಬಾಡುತ್ತದೆ. ಕಾಯುತ್ತ ಕೂತರೆ ಹುಳುಗಳಿಗೆ ಉಪವಾಸ. ಹೀಗೆ ಚಿಕ್ಕಮ್ಮನ ಇಡೀ ಬೆಳೆ ನಾನು ತಂದ ಡಬ್ಬದ ಕೈಯಲ್ಲಿ ಸಿಕ್ಕಿಕೊಂಡಿತ್ತು.

ಜಗಲಿಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿ, ವೈಫೈ ಹಿಡಿದು ಆ ಕಂಪ್ಯೂಟರಿನೊಳಗೆ ಹೊಕ್ಕೆ. ಚಿತ್ರವಿಲ್ಲ, ಮೌಸಿಲ್ಲ, ಕಪ್ಪು ಪರದೆ, ನಾನು ಟೈಪು ಮಾಡಿದ ಆಜ್ಞೆ, ಅಷ್ಟೇ. 'ಟಾಪ್' ಎಂದು ಬರೆದೆ. ಯಂತ್ರದೊಳಗೆ ಈ ಕ್ಷಣ ಯಾವ ಯಾವ ಕೆಲಸ ಓಡುತ್ತಿದೆ, ಯಾವುದು ಎಷ್ಟು ಶಕ್ತಿ ನುಂಗುತ್ತಿದೆ ಎಂಬುದು ಸಾಲಾಗಿ ಮೂಡಿತು. ಹೆಚ್ಚು ನುಂಗುವುದು ಎಲ್ಲಕ್ಕಿಂತ ಮೇಲೆ. ನನಗೆ ಇದನ್ನು ನೋಡುವುದೆಂದರೆ ಬಸ್ ಸ್ಟ್ಯಾಂಡಿನಲ್ಲಿ ಜನ ನೋಡಿದಷ್ಟೇ ಖುಷಿ. ಒಬ್ಬೊಬ್ಬರಿಗೂ ಒಂದೊಂದು ದನಿ ಕೊಡದಿದ್ದರೆ ನನ್ನ ಬಾಯಿ ನವೆಯುತ್ತದೆ.

ಮೇಲೆ ಕ್ಯಾಮೆರಾ ಗಡದ್ದಾಗಿ ಕುಳಿತು ಸರಿಸುಮಾರು ಎಲ್ಲವನ್ನೂ ತಾನೊಂದೇ ತಿನ್ನುತ್ತಿತ್ತು. ಫ್ಯಾನಿನ ಕೆಲಸ ಸರದಿ ಸಿಗದೆ ಎಲ್ಲೋ ತಳದಲ್ಲಿ. ಅದಕ್ಕೆ ಮದುವೆ ಪಂಕ್ತಿಯ ಕೊನೆಯಲ್ಲಿ ಕುಳಿತ ನೆಂಟನ ದನಿ ಕೊಟ್ಟೆ: "ಸ್ವಾಮೀ, ಈ ಎಲೆಗೂ ಒಂಚೂರು ಸಾರು..."

"ನಿಮ್ಮಪ್ಪನ ದನಿ ಅಲ್ವೇನೋ ಅದು?" ಚಿಕ್ಕಪ್ಪ ನಕ್ಕ.

ನಾನು ಒಳಗೆ ಕೂಗಿದೆ. "ಚಿಕ್ಕಮ್ಮ, ಕ್ಯಾಮೆರಾನ ಕಿಲ್ ಮಾಡ್ಬಿಡ್ತೀನಿ!"

"ಏನ್ ಮಾಡ್ತೀಯ?"

"ಸಾಯಿಸ್ತೀನಿ. ಕಂಪ್ಯೂಟರಲ್ಲಿ ಹಂಗೇ ಅನ್ನೋದು."

"ಥೂ, ಬಿಡ್ತು ಅನ್ನು! ಹುಳು ಮನೆ ಮುಂದೆ ಕೂತ್ಕೊಂಡು ಸಾಯಿಸೋ ಮಾತಾ?"

"ಆಮೇಲೆ ಗೂಡನ್ನ ಬಿಸಿನೀರಿಗೆ ಹಾಕ್ತಾರಲ್ಲ, ಅದು?"

"ಅದು ನೂಲು ಬಿಚ್ಚೋರು ಉಂಟು, ದೇವ್ರುಂಟು. ನೋರು ಮೂಸ್ಕೋರಾ!" ಚಿಕ್ಕಮ್ಮ ಚಿಂತಾಮಣಿ ಕಡೆಯವಳು. ಬಾಯಿ ಮುಚ್ಚು ಎನ್ನುವುದಕ್ಕೆ ಅವಳಿಗೆ ತೆಲುಗೇ ಆಗಬೇಕು.

ಅಷ್ಟರಲ್ಲಿ ಪರದೆಯ ಮೇಲೊಂದು ಸೋಜಿಗ. ನಾನು ಏನೂ ಮುಟ್ಟಿರಲಿಲ್ಲ. ಕ್ಯಾಮೆರಾದ ಅಂಕಿ ತಾನಾಗಿ ಇಳಿಯತೊಡಗಿತು. ಒಳಗೆ ಫ್ಯಾನು ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಅಂಕಿ ಮತ್ತೆ ಜಿಗಿದು ಮೇಲೇರಿತು.

"ಚಿಕ್ಕಮ್ಮ, ಈಗೇನು ಮಾಡ್ದೆ?"

"ನಾನೇನ್ ಮಾಡ್ಲೋ! ಸೊಪ್ಪು ಮುಗಿದು ಸುಮ್ನೆ ಬಿದ್ದಿದ್ವು. ಉಳಿದಿದ್ದ ಒಂದು ಹೊರೆ ಬಿಚ್ಚಿ ಹಾಕ್ತಾ ಇದೀನಿ."

"ನಿಲ್ಸು! ನಾನು ಹೇಳ್ದಾಗ ಹಾಕು." ಅಂಕಿ ತುಸು ತಗ್ಗುವವರೆಗೆ ಕಾದೆ. "ಹ್ಞಾಂ, ಈಗ ಹಾಕು!"

ಅಂಕಿ ನೆಗೆಯಿತು. ಗೋಡೆಯಾಚೆ ಸಾವಿರಾರು ಬಾಯಿಗಳು ಸೊಪ್ಪು ಕೊರೆಯುವ ಸರಸರ ಸದ್ದು ಜಗಲಿಗೂ ಕೇಳಿಸುತ್ತಿತ್ತು. ಆಗ ತಲೆಗೆ ಹೊಳೆಯಿತು. ಅಲ್ಲಾಡಿದ್ದನ್ನೆಲ್ಲ ಹಿಡಿ ಎಂದು ಕ್ಯಾಮೆರಾಗೆ ಹೇಳಿದ್ದೆವು. ಹುಳು ಮನೆಯಲ್ಲಿ ಅಲ್ಲಾಡದೆ ಇರುವುದು ಗೋಡೆ ಮಾತ್ರ! ಪಾಪ, ಒಂದೊಂದು ಹುಳುವನ್ನೂ ಇಲಿಯೆಂದುಕೊಂಡು ಬೆವರುತ್ತಿತ್ತು. ನಾನು ಅದನ್ನು ಕೂರಿಸಿದ್ದು ಹುಳುಗಳು ಜ್ವರದಲ್ಲಿದ್ದಾಗ. ನಿದ್ದೆಯಲ್ಲಿದ್ದವರನ್ನು ಕಾವಲು ಕಾದು ಶಭಾಷ್‌ಗಿರಿ ತೆಗೆದುಕೊಂಡ ವೀರರು ನಾವಿಬ್ಬರು, ಕ್ಯಾಮೆರಾ ಮತ್ತು ನಾನು.

ಸಾಯಿಸುವುದು ಬೇಕಿರಲಿಲ್ಲ. 'ರೀನೈಸ್' ಎಂಬ ಇನ್ನೊಂದು ಆಜ್ಞೆಯಿದೆ. ಓಡುತ್ತಿರುವ ಕೆಲಸವನ್ನು ನಿಲ್ಲಿಸದೆ, ಅದರ ಸರದಿಯನ್ನಷ್ಟೇ ಹಿಂದಕ್ಕೆ ತಳ್ಳುತ್ತದೆ. ಗೌರಿಬಿದನೂರು ಬಸ್ಸಿನ ಕಂಡಕ್ಟರನ ಮೂಗುದನಿ ತೆಗೆದು, "ಕ್ಯಾಮೆರಾ ಸಾರ್, ಹಿಂದಕ್ ಹೋಗಿ, ಹಿಂದೆಲ್ಲ ಖಾಲಿ ಐತೆ!" ಎನ್ನುತ್ತ ಬರೆದೆ.

ಕಾದೆವು. ಹುಳುಗಳು ತಿನ್ನುತ್ತಲೇ ಇದ್ದವು, ಕ್ಯಾಮೆರಾದ ಅಂಕಿಯೂ ಮೇಲೇ ಇತ್ತು. ಆದರೂ ಬಡ ನೆಂಟನ ಎಲೆಗೆ ಸಾರು ಬಿತ್ತು: ಫ್ಯಾನು ತಾನಾಗಿ ಹತ್ತಿತು, ತಂಪಾದ ಮೇಲೆ ತಾನಾಗಿ ಆರಿತು. ಚಿಕ್ಕಮ್ಮ ಅಷ್ಟಕ್ಕೆ ನಂಬಲಿಲ್ಲ. ಇನ್ನೊಮ್ಮೆ ಹತ್ತಲಿ ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಹತ್ತಿದ ಮೇಲೆ ಕುಡುಗೋಲು ತೆಗೆದುಕೊಂಡು, "ಏಳಿ, ಸೊಪ್ಪಿಗೆ ಹೋಗಣ" ಎಂದು ಚಿಕ್ಕಪ್ಪನನ್ನು ಎಬ್ಬಿಸಿದಳು.

ಆಮೇಲೆ ಚಿಕ್ಕಪ್ಪ ಫೋನಿನಲ್ಲೇ ಟಾಪ್ ನೋಡಲು ಕಲಿತ. ಕ್ಯಾಮೆರಾದ ಅಂಕಿ ಇಳಿದರೆ ಸಾಕು, ಜಗಲಿಯಿಂದ ಕೂಗುತ್ತಿದ್ದನಂತೆ: "ಮುಗೀತು ಕಣೇ, ಸೊಪ್ಪು ಹಾಕು!" ಒಂದು ಬೆಳಿಗ್ಗೆ ಗಾಬರಿಯಿಂದ ನನಗೆ ಫೋನು ಮಾಡಿದ.

"ಲೋ, ಕ್ಯಾಮೆರಾ ತಳಕ್ಕೆ ಹೋಗಿ ಕೂತದೆ ಕಣೋ. ಏನೂ ಅಲ್ಲಾಡ್ತಿಲ್ಲ. ಎಲ್ಲಾ ಹೋದ್ವಾ?"

ಉತ್ತರ ಹೇಳುವ ಮೊದಲೇ ಹಿಂದಿನಿಂದ ಚಿಕ್ಕಮ್ಮನ ದನಿ ಬಂತು.

"ಗೂಡೊಳಗೆ ಸೇರ್ಕೊಂಡಿದಾವೆ ಕಣ್ರೀ, ಅಲ್ಲಾಡೋದು ಹೆಂಗೆ ಕಾಣುತ್ತೆ? ಗೂಡು ಬಿಡಿಸಕ್ಕೆ ಬಾ ಅಂತ ಹೇಳಿ ಅವನಿಗೆ. ಸೆಂಟು ಹಾಕ್ಕೊಳ್ದೆ!"